ಬೆನ್ನು ಮೇಷ್ಟ್ರು ಮತ್ತು ಕರಿಹಲಗೆ ಇಲ್ಲದ ಕೋಣೆ

ಅವರ ಮುಖ ಹೇಗಿದೆ ಅಂತ ಕೇಳಿದರೆ ಹಳೆಯ ವಿದ್ಯಾರ್ಥಿಗಳು ತಲೆ ಕೆರೆದುಕೊಳ್ಳುತ್ತಿದ್ದರು. ಬೆನ್ನು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅಂಗಿಯ ಎಡಭುಜದ ಮೇಲೆ ಸೀಮೆಸುಣ್ಣದ ಪುಡಿ, ಕಾಲರಿನ ಕೆಳಗೆ ಬೆವರಿನ ಪಟ್ಟೆ. ವಿಶ್ವವಿದ್ಯಾಲಯದಲ್ಲಿ ಹತ್ತೊಂಬತ್ತು ವರ್ಷ ಸಂಖ್ಯಾಶಾಸ್ತ್ರ ಹೇಳಿಕೊಟ್ಟ ಅವರಿಗೆ ಹುಡುಗರು ಇಟ್ಟ ಹೆಸರು ‘ಬೆನ್ನು ಮೇಷ್ಟ್ರು’. ಬಾಗಿಲಿನಿಂದ ನೇರ ಹಲಗೆಗೆ ಹೋಗಿ, ಐವತ್ತು ನಿಮಿಷ ಸೂತ್ರ ಬರೆದು, ಗಂಟೆ ಹೊಡೆದ ತಕ್ಷಣ ಗೋಡೆಯ ಬದಿಯಿಂದಲೇ ಜಾರಿಕೊಂಡುಬಿಡುತ್ತಿದ್ದರು.

ಜನ ಅದನ್ನು ಗತ್ತು ಅಂದುಕೊಂಡಿದ್ದರು. ನಿಜ ಗೊತ್ತಿದ್ದದ್ದು ಹೆಂಡತಿಗೆ ಒಬ್ಬರಿಗೇ. ಮೇಷ್ಟ್ರಿಗೆ ಹೆದರಿಕೆ. ಹುಲಿಯ ಹೆದರಿಕೆಯಲ್ಲ, ಹಾವಿನದಲ್ಲ. ಇಪ್ಪತ್ತು ವರ್ಷದ ಹುಡುಗ ಹುಡುಗಿಯರ ಕಣ್ಣಿನ ಹೆದರಿಕೆ. ಲೆಕ್ಕ ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಅರವತ್ತು ಮುಖಗಳು ಒಟ್ಟಿಗೆ ತಮ್ಮ ಕಡೆ ತಿರುಗಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ಅಂಗೈ ತಣ್ಣಗಾಗುತ್ತಿತ್ತು. ಯಾರಾದರೂ ಪ್ರಶ್ನೆ ಕೇಳಿಬಿಟ್ಟರೆ? ಉತ್ತರ ಗೊತ್ತಿದ್ದೂ ಹೇಳಲಾಗದೆ ನಿಂತುಬಿಟ್ಟರೆ? ಹಲಗೆಯ ಕಡೆ ತಿರುಗಿದರೆ ಆ ಭಯ ಅರ್ಧ ಇಳಿಯುತ್ತಿತ್ತು. ಉಳಿದರ್ಧವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವರು ಹತ್ತೊಂಬತ್ತು ವರ್ಷ ತಳ್ಳಿದ್ದರು.

ಒಂದು ಬೇಸಿಗೆ ರಜೆ ಮುಗಿಸಿ ಬಂದಾಗ ಅವರ ಪಾಠದ ಕೋಣೆಯೇ ಇರಲಿಲ್ಲ. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದು ಮಾಡಿದ್ದರು. ಬೆಂಚುಗಳು ಮಾಯ. ಎಂಟು ದುಂಡು ಮೇಜು, ಮೇಜಿಗೆ ಎಂಟು ಕುರ್ಚಿ. ನಾಲ್ಕೂ ಕಡೆ ಕಿಟಕಿ ಮತ್ತು ಖಾಲಿ ಗೋಡೆ.

“ಹಲಗೆ ಎಲ್ಲಿ?” ಅಂತ ಅವರು ಕೇಳಿದರು.

“ಹಲಗೆ ಇಲ್ಲ,” ಅಂದರು ವಿಭಾಗದ ಮುಖ್ಯಸ್ಥೆ. ಮಾತು ಕತ್ತರಿ ಹಾಕಿದ ಹಾಗೆ ಆಡುವ ಹೆಂಗಸು. “ಹೋದ ವರ್ಷ ಅರವತ್ತನಾಲ್ಕು ಜನರಲ್ಲಿ ಇಪ್ಪತ್ತೇಳು ಫೇಲು. ಜೀವಶಾಸ್ತ್ರದವರು, ಸಮಾಜಶಾಸ್ತ್ರದವರು ನಮ್ಮ ಕೋರ್ಸು ಅಂದರೆ ಗುಮ್ಮ ಕಂಡ ಹಾಗೆ ಮಾಡ್ತಾರೆ. ಈ ಸಲ ಅವರು ಗುಂಪಾಗಿ ಕೂತು ಕೆಲಸ ಮಾಡಬೇಕು, ನೀವು ಮಧ್ಯೆ ಓಡಾಡಬೇಕು. ಮೂರನೇ ವಾರ ನಾನೂ ಬಂದು ಕೂತು ನೋಡ್ತೀನಿ.”

ಮಧ್ಯೆ! ಮೇಷ್ಟ್ರು ಕೋಣೆಯ ಸುತ್ತ ಒಮ್ಮೆ ಕಣ್ಣು ಹಾಯಿಸಿದರು. ಆ ಕೋಣೆಯಲ್ಲಿ ಎಲ್ಲಿ ನಿಂತರೂ ಯಾರೋ ಒಬ್ಬರು ಎದುರಿಗಿರುತ್ತಾರೆ.

ಮೊದಲ ತರಗತಿ ಹನ್ನೊಂದೇ ನಿಮಿಷ ನಡೆಯಿತು. ಹಿಂದಿನ ದಿನ ಬರೆದು ಉರುಹೊಡೆದಿದ್ದ ಪಾಠವನ್ನು ಅವರು ಕಿಟಕಿಯ ಕಡೆ ನೋಡಿಕೊಂಡು ಒಪ್ಪಿಸತೊಡಗಿದರು. ಪ್ರಮಾಣಿತ ವಿಚಲನೆಯ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ನಿನ, ಸೂತ್ರ ಬಾಯಲ್ಲಿ ಹೇಳುವಾಗ ಕೊನೆಯ ಮೇಜಿನಿಂದ ಒಬ್ಬ ಹುಡುಗಿ ಕೈಯೆತ್ತಿದಳು. ಜೀವಶಾಸ್ತ್ರದವಳು, ಬಾಯಿಗೆ ಬೀಗ ಇಲ್ಲದವಳು.

“ಸರ್, ಲೆಕ್ಕ ಮಾಡೋದು ಪುಸ್ತಕದಲ್ಲಿದೆ. ಆದ್ರೆ ಇದನ್ನ ಯಾಕೆ ಮಾಡ್ತೀವಿ?”

ಸಿಟ್ಟಿಲ್ಲದ, ಕೊಂಕಿಲ್ಲದ ಪ್ರಶ್ನೆ. ಮೇಷ್ಟ್ರು ಬಾಯಿ ತೆರೆದರು. ಗಾಳಿ ಮಾತ್ರ ಬಂತು. ಅರವತ್ತನಾಲ್ಕು ಜನ ಕಾದರು. “ನನಗೆ... ಹೊಟ್ಟೆ ಸರಿಯಿಲ್ಲ,” ಅಂದವರೇ ಹೊರಬಿದ್ದರು. ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು.

ಮನೆಯಲ್ಲಿ ಹೆಂಡತಿ ಆಗಷ್ಟೇ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದರು. ಅವರದು ಡ್ರೈವಿಂಗ್ ಕಲಿಸುವ ಕೆಲಸ. ದಿನಕ್ಕೆ ಆರು ಜನ, ಆರೂ ಜನ ನಡುಗುವವರೇ.

“ರಾಜೀನಾಮೆ ಕೊಟ್ಟುಬಿಡ್ತೀನಿ,” ಅಂದರು ಮೇಷ್ಟ್ರು.

“ಕೊಡಿ. ಆಮೇಲೆ ನಮ್ಮ ಸ್ಕೂಲಲ್ಲಿ ಟೈರಿಗೆ ಗಾಳಿ ಹಾಕೋಕೆ ಬನ್ನಿ, ಟೈರು ಪ್ರಶ್ನೆ ಕೇಳಲ್ಲ,” ಅಂತ ಹೆಂಡತಿ ನಕ್ಕರು. ಗಂಡನ ಮುಖ ನೋಡಿ ನಗು ನಿಲ್ಲಿಸಿದರು. “ಒಂದ್ ಮಾತು ಹೇಳ್ಲಾ? ನಾನು ಗಾಡಿ ಚೆನ್ನಾಗಿ ಓಡಿಸಿ ತೋರಿಸಿದ್ರೆ ಯಾರೂ ಕಲಿಯಲ್ಲ. ಸ್ಟೀರಿಂಗ್ ಅವರ ಕೈಲಿರಬೇಕು. ನನ್ನ ಕಾಲಡಿ ಇನ್ನೊಂದು ಬ್ರೇಕ್ ಇರುತ್ತೆ, ಅಷ್ಟೇ.”

“ನಿನಗೆ ಹೆದರಿಕೆ ಆಗಲ್ವಾ?”

“ದಿನಾ ಆಗುತ್ತೆ. ಲಾರಿ ಎದುರಿಗೆ ಬಂದ್ರೆ ಜೀವ ಬಾಯಿಗೆ ಬರುತ್ತೆ. ಆದ್ರೆ ಪಕ್ಕದಲ್ಲಿ ಕೂತೋರಿಗೆ ನನಗಿಂತ ಜಾಸ್ತಿ ಹೆದರಿಕೆ ಇರುತ್ತಲ್ಲ, ಮೊದಲು ಅದನ್ನ ಕೇಳ್ತೀನಿ. ಏನಕ್ಕೆ ಭಯ, ಗೇರಾ, ತಿರುವಾ, ಲಾರೀನಾ ಅಂತ. ನಿಮ್ಮ ಹುಡುಗರನ್ನ ಯಾವತ್ತಾದ್ರೂ ಕೇಳಿದ್ದೀರಾ?”

ಕೇಳಿರಲಿಲ್ಲ. ಅವರಿಗೂ ಭಯವಿರಬಹುದು ಅನ್ನುವುದು ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಮುಂದಿನ ತರಗತಿಗೆ ಅವರು ಒಂದು ಕಟ್ಟು ಚೀಟಿ ಹಿಡಿದು ಹೋದರು. ಬಾಗಿಲಲ್ಲೇ ನಿಂತು, ನೆಲ ನೋಡಿಕೊಂಡು, “ಈ ವಿಷಯದಲ್ಲಿ ನಿಮಗೆ ಯಾವುದು ಹೆದರಿಕೆ ಅಂತ ಬರೀರಿ. ಹೆಸರು ಬೇಡ,” ಅಂದರು. ಚೀಟಿಗಳನ್ನು ತಮ್ಮ ಕೋಣೆಗೆ ತಂದು, ಬಾಗಿಲ ಚಿಲಕ ಹಾಕಿಕೊಂಡು, ಒಂದೊಂದಾಗಿ ಬಿಡಿಸಿದರು. ‘ಗಣಿತ ಬಿಟ್ಟು ನಾಲ್ಕು ವರ್ಷ ಆಯ್ತು.’ ‘ಚಿಹ್ನೆ ನೋಡಿದ್ರೆ ಕಣ್ಣು ಕತ್ತಲೆ.’ ‘ನಾನೊಬ್ಬನೇ ದಡ್ಡ ಅಂತ ಗೊತ್ತಾಗಿಬಿಡುತ್ತೆ ಅಂತ.’ ಇದೇ ಮಾತನ್ನು ಹದಿನಾಲ್ಕು ಜನ ಬರೆದಿದ್ದರು, ಪ್ರತಿಯೊಬ್ಬರೂ ತಾವೊಬ್ಬರೇ ಅಂತ. ಮೇಷ್ಟ್ರಿಗೆ ಒಂದು ಗಳಿಗೆ ನಗು ಬಂತು. ಆಮೇಲೆ ಒಂದು ಚೀಟಿ ಸಿಕ್ಕಿತು, ಪೆನ್ಸಿಲಿನಲ್ಲಿ ಬರೆದದ್ದು: ‘ಸರ್ ನಮ್ಮ ಮುಖವನ್ನೇ ನೋಡಲ್ಲ. ನಮ್ಮನ್ನ ಕಂಡ್ರೆ ಆಗಲ್ಲ ಅನ್ಸುತ್ತೆ. ಅವರನ್ನ ಏನಾದ್ರೂ ಕೇಳೋಕೆ ಹೆದರಿಕೆ.’

ತಾವು ಇವರಿಗೆ ಹೆದರಿ ತಿರುಗಿ ನಿಂತರೆ, ಇವರು ಆ ತಿರುಗಿದ್ದಕ್ಕೇ ಹೆದರಿ ಕೂತಿದ್ದಾರೆ. ಎಷ್ಟು ಜನ ಹೀಗೆ ಬಾಯಿ ಮುಚ್ಚಿಕೊಂಡು ಫೇಲಾಗಿ ಹೋದರೋ! ಅಂದಿನವರೆಗೆ ಅವರ ಹೆದರಿಕೆ ತಮ್ಮ ಬಗ್ಗೆ ಮಾತ್ರ ಇತ್ತು. ಈಗ ಅದರ ಮೇಲೆ ಇನ್ನೊಂದು ಬಂದು ಕೂತಿತು. ತಮ್ಮಿಂದ ಯಾರಿಗೆ ಏನು ಕೆಡುಕಾಗಿದೆಯೋ ಅನ್ನುವ ಹೆದರಿಕೆ.

ಮೂರನೇ ವಾರ ಮುಖ್ಯಸ್ಥೆ ಹೇಳಿದಂತೆಯೇ ಬಂದು ಮೂಲೆಯಲ್ಲಿ ನೋಟ್ ಪುಸ್ತಕ ಬಿಚ್ಚಿ ಕೂತರು. ಮೇಷ್ಟ್ರು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನೀರಿಗಿಳಿದ ಮೇಲೆ ಚಳಿಯೇನು ಅಂತ ತಮಗೆ ತಾವೇ ಹೇಳಿಕೊಂಡು ಮೇಜುಗಳ ಮಧ್ಯೆ ಬಂದು ನಿಂತರು. ಗೋಡೆಗೆ ಉದ್ದಕ್ಕೂ ಕಾಗದದ ಪಟ್ಟಿ ಅಂಟಿಸಿ ಹತ್ತರಿಂದ ನೂರರವರೆಗೆ ಸೆಕೆಂಡು ಗುರುತು ಹಾಕಿದ್ದರು.

“ಇಬ್ಬಿಬ್ಬರಾಗಿ,” ಅಂದರು. “ಒಬ್ಬರು ಕಣ್ಣು ಮುಚ್ಚಿ. ಒಂದು ನಿಮಿಷ ಆಯ್ತು ಅನ್ನಿಸಿದಾಗ ಕೈ ಎತ್ತಿ. ಇನ್ನೊಬ್ಬರು ಗಡಿಯಾರ ನೋಡಿ ಬರ್ಕೊಳ್ಳಿ. ಆಮೇಲೆ ಅದಲುಬದಲು.”

ಅಂದು ಒಬ್ಬ ಬಂದಿರಲಿಲ್ಲ, ಹಾಗಾಗಿ ಜೀವಶಾಸ್ತ್ರದ ಹುಡುಗಿ ಜೊತೆಯಿಲ್ಲದೆ ಉಳಿದಳು. “ಸರ್, ನೀವೇ ಬನ್ನಿ,” ಅಂದಳು. ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿದರು. ಕತ್ತಲಲ್ಲಿ ಎದೆ ಡವಡವ ಅನ್ನುವುದು ಬಿಟ್ಟು ಬೇರೇನೂ ಕೇಳಲಿಲ್ಲ. ಯುಗ ಕಳೆದ ಮೇಲೆ ಕೈಯೆತ್ತಿದರು.

“ಮೂವತ್ತೊಂದು ಸೆಕೆಂಡು!” ಅಂತ ಅವಳು ಕೂಗಿದಳು. ಕೋಣೆಯೆಲ್ಲ ನಕ್ಕಿತು.

ಕಿವಿ ಕೆಂಪಾಯಿತು. ಕಾಲು ಬಾಗಿಲ ಕಡೆ ತಿರುಗಿಯೂ ಆಗಿತ್ತು. ಆಗ ಪೆನ್ಸಿಲಿನ ಚೀಟಿ ನೆನಪಾಯಿತು. ತಿರುಗಿದ್ದ ಕಾಲನ್ನು ವಾಪಸ್ ತಂದು ಅವರು ಹೇಳಿದರು, “ನನಗೆ ಹೆದರಿಕೆ. ಹೆದರಿದವರ ಗಡಿಯಾರ ಬೇಗ ಓಡುತ್ತೆ.”

ನಗು ನಿಂತಿತು. ಎಲ್ಲರೂ ತಂತಮ್ಮ ಸೆಕೆಂಡು ಬರೆದ ಚೀಟಿಯನ್ನು ಗೋಡೆಯ ಪಟ್ಟಿಗೆ ಅಂಟಿಸಿದರು. ಐವತ್ತರ ಆಚೀಚೆ ಚೀಟಿಗಳು ದಿಬ್ಬದಂತೆ ಗುಂಪುಗೂಡಿದವು, ಮೇಷ್ಟ್ರದು ಎಡಗಡೆ ಒಂಟಿಯಾಗಿ ನಿಂತಿತು. ಮೇಜುಮೇಜಿನ ಸರಾಸರಿ ತೆಗೆದಾಗ ಎರಡನೆಯದಕ್ಕೂ ಐದನೆಯದಕ್ಕೂ ಐವತ್ತನಾಲ್ಕೇ ಬಂತು.

“ಹಾಗಾದ್ರೆ ಎರಡೂ ಮೇಜು ಒಂದೇನಾ?” ಅಂದರು ಮೇಷ್ಟ್ರು.

“ಅದೆಂಗಾಗುತ್ತೆ ಸರ್? ಅವರದೆಲ್ಲ ಒತ್ತೊತ್ತಾಗಿದೆ. ನಮ್ಮದು ಚೆಲ್ಲಾಪಿಲ್ಲಿ. ಒಬ್ಬ ಮೂವತ್ತೆಂಟು, ಇನ್ನೊಬ್ಬ ಎಂಬತ್ತು,” ಅಂದ ಐದನೇ ಮೇಜಿನ ಹುಡುಗ.

“ಆ ಚೆಲ್ಲಾಪಿಲ್ಲಿ ಎಷ್ಟು ಅಂತ ಹೇಳೋಕೆ ಒಂದು ಅಳತೆ ಬೇಕಲ್ವಾ? ನೀವೇ ಒಂದು ಮಾಡಿ ನೋಡೋಣ.”

ಅರ್ಧ ಗಂಟೆ ಎಂಟು ಮೇಜಿನಲ್ಲೂ ಜಗಳ. ಒಂದು ಮೇಜಿನವರು ಸರಾಸರಿಯಿಂದ ಇರುವ ದೂರಗಳನ್ನೆಲ್ಲ ಕೂಡಿ, ಉತ್ತರ ಸೊನ್ನೆ ಬಂದು ಕಂಗಾಲಾದರು. “ಹೆಚ್ಚಿದ್ದದ್ದೂ ಕಡಿಮೆ ಇದ್ದದ್ದೂ ಒಂದಕ್ಕೊಂದು ಹೊಡೆದುಹೋಗುತ್ತೆ, ವರ್ಗ ಮಾಡಿ ಕೂಡಿದ್ರೆ?” ಅಂದ ಒಬ್ಬ. ಮೊದಲ ದಿನ ಅರ್ಧಕ್ಕೆ ನಿಂತಿದ್ದ ವಿಚಲನೆಯ ಸೂತ್ರ ಅವರ ಬಾಯಿಂದಲೇ ಹೊರಬಂತು. ಜೀವಶಾಸ್ತ್ರದ ಹುಡುಗಿ, “ಓ, ಇದಕ್ಕಾ!” ಅಂದಳು. ಮುಖ್ಯಸ್ಥೆ ಏನೂ ಹೇಳದೆ ಪುಸ್ತಕ ಮಡಚಿ ಹೋದರು. ಅವರು ಮೆಚ್ಚಿದರೋ ಇಲ್ಲವೋ ತಿಳಿಯದೆ ಮೇಷ್ಟ್ರು ಎರಡು ದಿನ ನಿದ್ದೆ ಬಿಟ್ಟರು. ಅದಾದ ಮೇಲೂ ಪ್ರತಿ ತರಗತಿಗೆ ಮೊದಲು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳುವುದು ತಪ್ಪಲಿಲ್ಲ. ಆದರೆ ತಪ್ಪದೆ ಹೋದರು.

ಪರೀಕ್ಷೆ ಆಯಿತು. ಹತ್ತೊಂಬತ್ತು ಜನ ಫೇಲು. ಇಪ್ಪತ್ತೇಳಕ್ಕಿಂತ ಕಡಿಮೆ ನಿಜ, ಆದರೆ ಪಟ್ಟಿಯಲ್ಲಿ ಜೀವಶಾಸ್ತ್ರದ ಹುಡುಗಿಯೂ ಇದ್ದಳು. ಮರುದಿನ ಅವಳು ಉತ್ತರಪತ್ರಿಕೆ ಹಿಡಿದು ಬಾಗಿಲು ತಟ್ಟಿದಾಗ, ಮೇಷ್ಟ್ರು ಒಳಗೆ ಉಸಿರು ಬಿಗಿಹಿಡಿದು ಯಾರೂ ಇಲ್ಲದ ಹಾಗೆ ಕೂತರು. ಎರಡನೇ ಸಲ ತಟ್ಟಿದಳು. ಎದ್ದು ಬಾಗಿಲು ತೆಗೆದರು.

“ಸರ್, ನೀವು ಕಲಿಸಿದ್ದೊಂದು, ಕೇಳಿದ್ದೊಂದು,” ಅಂದಳು. ಕಣ್ಣಲ್ಲಿ ನೀರಿತ್ತು. “ತರಗತಿಯಲ್ಲಿ ಯಾಕೆ ಅಂತ ಯೋಚನೆ ಮಾಡಿ ಅಂದ್ರಿ. ಪರೀಕ್ಷೇಲಿ ಹತ್ತಕ್ಕೆ ಹತ್ತೂ ಸೂತ್ರ ಬರೀರಿ ಅಂತಾನೇ ಇತ್ತು.”

ಸುಳ್ಳಲ್ಲ. ಹೊಸ ಪ್ರಶ್ನೆಪತ್ರಿಕೆ ಬರೆಯಲು ಧೈರ್ಯ ಸಾಲದೆ ಅವರು ಹಳೆಯದನ್ನೇ ಕೊಟ್ಟಿದ್ದರು. ಹೊಸದು ಬರೆದರೆ ಮುಖ್ಯಸ್ಥೆ ಏನೆನ್ನುತ್ತಾರೋ, ಮೇಲಿನವರು ಏನೆನ್ನುತ್ತಾರೋ ಅಂತ.

“ತಪ್ಪು ನನ್ನದು,” ಅಂದರು. “ಕೂತ್ಕೋ.”

ಇಬ್ಬರೂ ಕೂತು ಅವಳ ಪತ್ರಿಕೆ ನೋಡಿದರು. ಅವಳು ಲೆಕ್ಕ ತಪ್ಪಿದ್ದ ಕಡೆಯಲ್ಲೂ ಅಂಚಿನಲ್ಲಿ ಅರ್ಥ ಸರಿಯಾಗಿ ಬರೆದಿದ್ದಳು. ಅದಕ್ಕೆ ಅವರೇ ಸೊನ್ನೆ ಹಾಕಿದ್ದರು. ಅವಳು ಹೋದ ಮೇಲೆ ಮರುಪರೀಕ್ಷೆಗೆ ಬೇರೆಯ ಪತ್ರಿಕೆ ಬರೆದರು. ಆಸ್ಪತ್ರೆಯೊಂದರ ಕಾಯುವ ಸಮಯದ ಅಂಕಿ ಕೊಟ್ಟು, ‘ಇದರಿಂದ ಏನು ಹೇಳಬಹುದು, ಏನು ಹೇಳಬಾರದು?’ ಅಂತ ಕೇಳಿದರು. ಸೂತ್ರಗಳನ್ನು ಕೊನೆಯ ಹಾಳೆಯಲ್ಲಿ ತಾವೇ ಅಚ್ಚು ಹಾಕಿಸಿದರು.

ಅದನ್ನು ಹಿಡಿದು ಮುಖ್ಯಸ್ಥೆಯ ಕೋಣೆಗೆ ಹೋಗಿ ಮೇಜಿನ ಮೇಲಿಟ್ಟರು. ಮುಖ್ಯಸ್ಥೆ ಮೊದಲಿನಿಂದ ಕೊನೆಯವರೆಗೆ ಓದಿದರು.

“ತಿದ್ದೋದು ಕಷ್ಟ ಆಗುತ್ತಲ್ರೀ.”

“ಆಗುತ್ತೆ. ನಾನೇ ತಿದ್ತೀನಿ.”

“ಅರ್ಧ ಹೊಸದು, ಅರ್ಧ ಹಳೇದು ಇರಲಿ. ಈ ಸಲಕ್ಕೆ ಅಷ್ಟೇ,” ಅಂದು ಅವರು ಸಹಿ ಹಾಕಿದರು.

ಮರುಪರೀಕ್ಷೆಯಲ್ಲಿ ಹತ್ತೊಂಬತ್ತರಲ್ಲಿ ಹದಿಮೂರು ಜನ ದಾಟಿದರು. ಜೀವಶಾಸ್ತ್ರದ ಹುಡುಗಿ ಪಾಸಿಗೆ ಬೇಕಾದ್ದಕ್ಕಿಂತ ಎರಡೇ ಅಂಕ ಹೆಚ್ಚಿಗೆ ತೆಗೆದು ಪಾರಾದಳು. ಉಳಿದ ಆರು ಜನರಿಗೆ ಸಂಜೆ ನಾಲ್ಕಕ್ಕೆ ಬನ್ನಿ, ಒಟ್ಟಿಗೆ ಕೂತು ಮತ್ತೆ ನೋಡೋಣ ಅಂತ ಮೇಷ್ಟ್ರು ಹೇಳಿಕಳಿಸಿದರು. ಮೂರೂಮುಕ್ಕಾಲಿಗೆ ಅಂಗೈ ತಣ್ಣಗಾಯಿತು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಆರು ಕುರ್ಚಿ ಎಳೆದು ಹಾಕಿದರು.