ಹಾಡಿನ ಅಜ್ಜಿಗೆ ಫ್ರೀ ಟಿಕೆಟ್

ಮದುವೆಯಾಗದ ಹೆಣ್ಣುಮಕ್ಕಳನ್ನು ಜನ ಕೆದಕಿ ಕೆದಕಿ ಕೇಳ್ತಾರಲ್ಲ, ಅದನ್ನು ಲೇವಡಿ ಮಾಡಿ ಒಬ್ಬ ಹುಡುಗಿ ಹಾಡು ಕಟ್ಟಿದ್ದಳು. ದೊಡ್ಡಬಳ್ಳಾಪುರದಲ್ಲಿ ಹೂವು ಮಾರ್ತಿದ್ದ ನನ್ನ ಮುಂದೆ ಕ್ಯಾಮೆರಾ ಹಿಡಿದು, "ಅಜ್ಜಿ, ನಂಗಿನ್ನೂ ಮದ್ವೆ ಆಗಿಲ್ಲ, ಏನಾದ್ರೂ ಅನ್ನಿ" ಅಂದಳು. ಇಂಥ ಕೆಲಸಕ್ಕೆ ನನ್ನನ್ನು ಎರಡು ಸಲ ಕರೀಬೇಕಾ?

"ಯಾಕೆ ತಾಯಿ, ಗಂಡೇ ಬರ್ಲಿಲ್ವೋ, ಬಂದೋನು ಉಪ್ಪಿಟ್ಟು ಕೇಸರಿಬಾತು ತಿಂದು ಓಡೋದ್ನೋ?" ಅಂದೆ.

ಅದನ್ನೇ ಹಾಡಿನ ನಡುವೆ ಸೇರಿಸಿಬಿಟ್ಟಳು. ಹಾಡು ಎಲ್ಲರ ಮೊಬೈಲಿಗೂ ಬಂತು. ಬೀದಿಯವರೆಲ್ಲ ನಕ್ಕರು, ಕೆದಕೋರ ಸಾಲಿಗೆ ನನ್ನನ್ನೂ ಸೇರಿಸಿದಳಲ್ಲ ಅಂತ ನನಗೆ ಮೈ ಉರಿದುಹೋಯಿತು.

ಮೊನ್ನೆ ಹೂವಿನ ಬುಟ್ಟಿ ಹೊತ್ತು ಘಾಟಿ ದೇವಸ್ಥಾನದ ಬಸ್ ಹತ್ತಿದೆ. ಆಧಾರ್ ಕಾರ್ಡು ಮನೆಯಲ್ಲೇ ಉಳಿದಿತ್ತು, ಕೈಯಲ್ಲಿ ಕಾಸೂ ಇರಲಿಲ್ಲ.

"ಕಾರ್ಡ್ ಇಲ್ದೆ ಫ್ರೀ ಟಿಕೆಟ್ ಕೊಡೋಕಾಗಲ್ಲ ಅಜ್ಜಿ. ನೀವು ಕರ್ನಾಟಕದೋರು ಅಂತ ನಂಗೇನು ಗೊತ್ತು? ಇಳೀರಿ," ಅಂದ ಕಂಡಕ್ಟರ್.

ಆ ಬಿಸಿಲಲ್ಲಿ ಇಳಿದರೆ ಹೂವೆಲ್ಲ ಬಾಡಿ, ಅವತ್ತಿನ ವ್ಯಾಪಾರ ಮಣ್ಣುಪಾಲು.

ಹಿಂದಿನ ಸೀಟಿನ ಕಾಲೇಜು ಹುಡುಗಿ "ಅಯ್ಯೋ, ಇವ್ರು ಆ ಹಾಡಿನ ಅಜ್ಜಿ!" ಅಂತ ಕೂಗಿ ಮೊಬೈಲಲ್ಲಿ ವಿಡಿಯೋ ಹಾಕಿದಳು. ನನ್ನ ಮಾತು ಬಸ್ಸಿಗೆಲ್ಲ ಕೇಳಿಸಿತು. ಕಂಡಕ್ಟರ್ ಹೊಟ್ಟೆ ಹಿಡ್ಕೊಂಡು ನಕ್ಕ.

"ಈ ಬಾಯಿ ನಮ್ ಕಡೇದೇ ಬಿಡಿ. ಇದಕ್ಕಿಂತ ಆಧಾರ ಬೇಕಾ!" ಅಂತ ಟಿಕೆಟ್ ಹರಿದುಕೊಟ್ಟ.

ಆ ಹಾಡಿನ ಹುಡುಗಿ ಮದುವೆಯಾಗಲಿ, ಬಿಡಲಿ, ಎಲ್ಲಿದ್ದರೂ ತಣ್ಣಗಿರಲಿ. ಅವಳ ಹೆಸರಲ್ಲಿ ದೇವರಿಗೆ ದಿನಾ ಒಂದು ಮೊಳ ಮಲ್ಲಿಗೆ ಇಡ್ತೀನಿ. ಅಂದಹಾಗೆ, ಆ ಕಂಡಕ್ಟರಿಗೂ ಮದುವೆಯಾಗಿಲ್ಲ. ನೆಲಮಂಗಲದಲ್ಲಿ ಒಬ್ಬಳನ್ನು ನೋಡ್ಕೊಂಡಿದ್ದಾನೆ, ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ. ಘಾಟಿ ಬರುವಷ್ಟರಲ್ಲಿ ಇಷ್ಟೇ ತಿಳ್ಕೊಳ್ಳೋಕಾಗಿದ್ದು.