ಬಣವೆಯ ಹಿಂದಿನ ಎಂಟನೇ ಕ್ಯಾಮೆರಾ

2022ರ ಬೇಸಿಗೆ. ಗೋಕಾಕದಲ್ಲಿ ನಾನು ಅಂಗಡಿ ತೆರೆದು ಹದಿನಾಲ್ಕು ವರ್ಷವಾಗಿತ್ತು. ಮನೆ, ಗೋದಾಮುಗಳಿಗೆ ಸಿಸಿ ಕ್ಯಾಮೆರಾ ಹಾಕಿಕೊಡುವುದು ನನ್ನ ಕೆಲಸ. ಕ್ಯಾಮೆರಾವನ್ನು ಯಾರು ಬೇಕಾದರೂ ಗೋಡೆಗೆ ಬಡಿಯುತ್ತಾರೆ. ಅದರ ಹಿಂದಿನ ನೆಟ್‌ವರ್ಕ್ ಪ್ಲಾನ್ ಮಾಡುವುದರಲ್ಲಿ ಹುಕ್ಕೇರಿಯಿಂದ ಮೂಡಲಗಿಯವರೆಗೆ ನನ್ನನ್ನು ಮೀರಿಸಿದವರಿಲ್ಲ ಎಂಬ ಸೊಕ್ಕು ನನಗಿತ್ತು. ಆ ಸೊಕ್ಕಿಗೆ ಬೆಲೆ ತೆತ್ತವಳು ಬೇರೆಯವಳು.

ಮೂಡಲಗಿ ಹತ್ತಿರ ತೋಟದ ಮನೆಯಲ್ಲಿದ್ದ ಬಸಗೌಡರು ಕರೆಸಿದರು. ಪಂಪ್‌ಸೆಟ್ಟಿನ ಕೇಬಲ್ ಎರಡು ಸಲ ಕಳುವಾಗಿತ್ತು. ಎಂಟು ಕ್ಯಾಮೆರಾ ಬೇಕೆಂದರು. ನಾನು ಹಾಳೆಯ ಮೇಲೆ ನಕ್ಷೆ ಬರೆದೆ. ರೆಕಾರ್ಡ್ ಮಾಡುವ ಪೆಟ್ಟಿಗೆ, ಅಂದರೆ ಎನ್‌ವಿಆರ್, ಪಡಸಾಲೆಯ ಟಿವಿ ಕೆಳಗೆ. ಪಕ್ಕದಲ್ಲಿ ಪಿಒಇ ಸ್ವಿಚ್. ಅದರಿಂದ ಹೊರಡುವ ಒಂದೇ ಕೇಬಲ್ಲಿನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ. ಮನೆಯ ವೈಫೈ ಬೇರೆ, ಕ್ಯಾಮೆರಾಗಳ ನೆಟ್‌ವರ್ಕ್ ಬೇರೆ. ಕೇಬಲ್ ನೂರು ಮೀಟರ್ ದಾಟಬಾರದು, ದಾಟಿದರೆ ನಡುವೆ ಇನ್ನೊಂದು ಸ್ವಿಚ್ ಬೇಕು.

ನನ್ನದೊಂದು ಪದ್ಧತಿ ಇತ್ತು. ಕ್ಯಾಮೆರಾ ಎಲ್ಲಿ ಹಾಕಬೇಕೆಂದು ಗಂಡಸರನ್ನು ಕೇಳುತ್ತಿರಲಿಲ್ಲ. ಅವರಿಗೆ ತಲಬಾಗಿಲು ಬಿಟ್ಟರೆ ಮನೆಯ ಬಗ್ಗೆ ಏನೂ ಗೊತ್ತಿರುವುದಿಲ್ಲ. ಯಾರ ಕಣ್ಣಿಗೂ ಬೀಳದೆ ನಿಲ್ಲಬಹುದಾದ ಜಾಗ ಯಾವುದು ಎಂದು ಹೆಂಗಸರನ್ನೇ ಕೇಳುತ್ತಿದ್ದೆ. ಅಲ್ಲಿಯೂ ಕೇಳಿದೆ. ಗೌಡರ ಹೆಂಡತಿ ತಡವರಿಸಿದರು. ಸೊಸೆ ಗೌರವ್ವ ಥಟ್ಟನೆ ಹೇಳಿದಳು.

“ಬಣವಿ ಹಿಂದ್ರಿ. ಅಲ್ಲಿ ನಿಂತ್ರ ಯಾರಿಗೂ ಕಾಣಂಗಿಲ್ಲ.”

ಇಪ್ಪತ್ತಾರರ ಹೆಣ್ಣುಮಗಳು. ಗಂಡ ಬೈಕ್ ಅಪಘಾತದಲ್ಲಿ ಸತ್ತು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಐದು ವರ್ಷದ ಮಗಳಿದ್ದಳು. ನಾನು ಮೇವಿನ ಬಣವೆಯ ಹಿಂದೆ ಟೇಪು ಹಿಡಿದು ಅಳೆಯುತ್ತಿದ್ದಾಗ ನೀರಿನ ತಂಬಿಗೆ ತಂದಳು.

“ಅಣ್ಣಾರ, ಇಲ್ಲಿಗಿ ವಾಯರ್ ಮುಟ್ಟಂಗಿಲ್ಲ ಅಂತ ಹೇಳಿಬಿಡ್ರಿ. ಫೋನಿನ್ಯಾಗ ಮಾತಾಡಾಕ ನನಗ ಇದೊಂದ ಜಾಗಾ ಐತಿ.”

ಹುಕ್ಕೇರಿ ಕಡೆಯ ಒಬ್ಬಾತ ಅವಳನ್ನು ಉಡಿಕೆ ಮಾಡಿಕೊಳ್ಳಲು, ಅಂದರೆ ವಿಧವೆಯನ್ನು ಮದುವೆಯಾಗಲು, ಒಪ್ಪಿದ್ದ. ಮಗಳನ್ನೂ ಕರೆದುಕೊಳ್ಳುತ್ತೇನೆ ಎಂದಿದ್ದ. “ಹಿರ್ಯಾರು ಕುಂತು ಮಾತಾಡೂತನಕ ಇವರಿಗಿ ತಿಳೀಬಾರದ್ರಿ. ತಿಳಿದ್ರ ಕೂಸಿನ್ನ ಬಿಟ್ಟುಕೊಡಂಗಿಲ್ಲ,” ಎಂದಳು.

ಟೇಪು ನೂರಾಹನ್ನೆರಡು ಮೀಟರ್ ತೋರಿಸುತ್ತಿತ್ತು. ಕೇಬಲ್ ಮುಟ್ಟುವುದಿಲ್ಲ ಎಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಆದರೆ ನನ್ನ ಪ್ಲಾನಿನಲ್ಲಿ ಕಾಣದ ಮೂಲೆ ಉಳಿಯುವುದೆಂದರೇನು? “ಹಂಗ ಬರಂಗಿಲ್ಲವ್ವಾ, ಕೆಲಸಾ ಅರ್ಧಾ ಆಕ್ಕೈತಿ,” ಎಂದೆ. ದನದ ಕೊಟ್ಟಿಗೆಯಲ್ಲಿ ಎರಡನೇ ಸ್ವಿಚ್ ಕೂರಿಸಿ, ಬಣವೆಯ ಹಿಂಬದಿಗೆ ಎದುರಾಗಿ ಎಂಟನೇ ಕ್ಯಾಮೆರಾ ಹಾಕಿದೆ. ಇರುವೆ ಹರಿದರೂ ಕಾಣುತ್ತದೆ ಎಂದು ಗೌಡರ ಮುಂದೆ ಕೊಚ್ಚಿಕೊಂಡೆ.

ಮೂರು ವಾರಕ್ಕೆ ಗೌಡರ ಫೋನ್ ಬಂತು. ಹೋಗಿ ನೋಡಿದರೆ ಪಡಸಾಲೆಯಲ್ಲಿ ಗೌಡರ ಕಡೆಯ ಹಿರಿಯರೂ ಗೌರವ್ವನ ತವರಿನವರೂ ಕೂತಿದ್ದಾರೆ. ಗೌರವ್ವ ಮಗಳನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ರೆಕಾರ್ಡಿಂಗ್ ತೋರಿಸಲು ನನ್ನನ್ನು ಕರೆಸಿದ್ದರು. ಹಚ್ಚಿದೆ. ಸೆರಗಿನೊಳಗೆ ಫೋನಿಟ್ಟು, ಮೇವು ಹಿರಿಯುವವಳಂತೆ ನಿಂತು ಅವಳು ಮಾತಾಡುತ್ತಿದ್ದಳು. ಬರೀ ಚಿತ್ರ ಬರುತ್ತದೆ ಎಂದುಕೊಂಡಿದ್ದಳು. ಕ್ಯಾಮೆರಾದಲ್ಲಿ ಮೈಕ್ ಇದೆ ಎಂದು ನಾನು ಹೇಳಿರಲಿಲ್ಲ. ಆಫ್ ಮಾಡುವುದು ಒಂದು ಬಟನ್ನಿನ ಕೆಲಸ, ಅದನ್ನೂ ಮಾಡಿರಲಿಲ್ಲ. ಮಾತಿನ ನಡುವೆ ಅವಳು ನಕ್ಕಳು.

“ಮಗಾ ಹೋಗಿ ಎರಡು ವರ್ಷ ಆಗಿಲ್ಲ, ಹ್ಯಾಂಗ ನಗತಾಳ ನೋಡ್ರಿ,” ಎಂದರು ಗೌಡರು. “ಆವಾಜ್ ಸ್ವಲ್ಪ ಜಾಸ್ತಿ ಮಾಡ್ರಿ.”

ಮಾಡಿದೆ.

ಉಡಿಕೆ ಅಲ್ಲಿ ಹೊಸದಲ್ಲ. ನೆಟ್ಟಗೆ ಕೇಳಿದ್ದರೆ ಹಿರಿಯರು ಹಾದಿ ಹುಡುಕುತ್ತಿದ್ದರೇನೋ. ಆದರೆ ಎಲ್ಲರೂ ಆ ನಗು ಕೇಳಿದ್ದರು, ಮೂರು ಸಲ. ಅವಳು ಹೋಗಲಿ, ಕೂಸು ಇಲ್ಲೇ ಇರಲಿ ಎಂದು ತೀರ್ಮಾನವಾಯಿತು. ಅವಳ ಅಣ್ಣ ತಲೆ ತಗ್ಗಿಸಿಕೊಂಡು ಒಪ್ಪಿದ. ಗೌರವ್ವ ಹಿರಿಯರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

“ನೀವು ಕೇಳಿದ್ರಿ, ನಾ ಖರೆ ಹೇಳಿದ್ನಿ. ಅಷ್ಟ ರೀ ಅಣ್ಣಾರ.”

ಆ ತಿಂಗಳು ಸುತ್ತಲಿನ ನಾಲ್ಕು ಮನೆಯವರು ನನ್ನನ್ನು ಕರೆದರು. ಗೌಡರ ಮನೆಯಂಥದೇ, ಆವಾಜ್ ಬರುವಂಥದು ಬೇಕಂತೆ. ನಾಚಿಕೆಯಾಯಿತು, ಆದರೂ ಹಾಕಿಕೊಟ್ಟೆ. ಕಳ್ಳ ಎಲ್ಲಿಂದ ಬರುತ್ತಾನೆ ಎಂದು ಕೇಳುವ ಮೊದಲು, ಟಿವಿ ಮುಂದೆ ಕೂರುವವರು ಯಾರು, ಅವರು ಯಾರನ್ನು ಕಾಯುತ್ತಾರೆ ಎಂದು ಕೇಳಬೇಕೆಂಬ ಬುದ್ಧಿ ನನಗೆ ಬಂದದ್ದು ಅದಾದ ಮೇಲೆ. ನೆಟ್‌ವರ್ಕ್ ಪ್ಲಾನಿನಲ್ಲಿ ಅದೇ ಮೊದಲ ಗೆರೆ. ತಡವಾಗಿ ಬಂದ ಬುದ್ಧಿಯಿಂದ ಗೌರವ್ವನಿಗೆ ಏನೂ ಆಗಲಿಲ್ಲ.

ಎರಡು ತಿಂಗಳ ನಂತರ ಸರ್ವಿಸಿಗೆಂದು ಮತ್ತೆ ಅಲ್ಲಿಗೆ ಹೋದೆ. ಎನ್‌ವಿಆರ್ ಮುಂದೆ ಕೂತಿದ್ದಾಗ ಕೂಸು ಬಂದು ನನ್ನ ಅಂಗಿ ಹಿಡಿದು ಜಗ್ಗಿತು.

“ಕಾಕಾ, ಅವತ್ತ ನಮ್ಮವ್ವನ್ನ ಟಿವಿಯಾಗ ತೋರಿಸಿದ್ದಿಯಲ್ಲಾ, ಮತ್ತ ಹಚ್ಚು.”

ಹಾರ್ಡ್ ಡಿಸ್ಕಿನಲ್ಲಿ ಮೂವತ್ತು ದಿನದ್ದು ಮಾತ್ರ ಉಳಿಯುತ್ತದೆ. “ಈಗ ನಿಮ್ಮವ್ವ ಇದರಾಗ ಇಲ್ಲ ಕೂಸ,” ಎಂದೆ.

“ಹಂಗಾರ ಅಲ್ಲೇ ಅದಾಳ!” ಎಂದು ಕೂಸು ಹಿತ್ತಿಲಿಗೆ ಓಡಿತು.

ಟಿವಿಯ ಎಂಟನೇ ಚೌಕದಲ್ಲಿ ಅದು ಬಣವೆಯ ಸುತ್ತ ಹುಡುಕುತ್ತಿದ್ದುದು ನಿಚ್ಚಳವಾಗಿ ಕಾಣುತ್ತಿತ್ತು. ಅವ್ವಾ ಎಂದು ಕೂಗಿದ್ದೂ ಕೇಳಿಸಿತು.