ಪಾಚಿಯೋ, ನಾನೋ

ಹಲ್ಲುಜ್ಜುವ ಬ್ರಶ್ ಹಿಡಿದು ನೀವು ಯಾವತ್ತಾದರೂ ಸಮುದ್ರ ತಿಕ್ಕಿದ್ದೀರಾ? ನಾನು ತಿಕ್ಕಿದ್ದೇನೆ. ಅದೂ ಭಾನುವಾರ ಬೆಳಿಗ್ಗೆ, ಇಡೀ ಹೊನ್ನಾವರ ಮೀನುಪೇಟೆಯಲ್ಲಿ ಚೌಕಾಸಿ ಮಾಡುತ್ತಿರುವ ಹೊತ್ತಿನಲ್ಲಿ.

ಗಾಬರಿಯಾಗಬೇಡಿ. ಸಮುದ್ರ ಅಂದರೆ ನಮ್ಮ ಹಾಲ್‌ನಲ್ಲಿರುವ ಗಾಜಿನ ತೊಟ್ಟಿ. ಉಪ್ಪುನೀರಿನ ಅಕ್ವೇರಿಯಂ. ಆಫೀಸ್ ಕೆಲಸಕ್ಕೆಂದು ಮುಂಬೈಗೆ ಹೋದ ನಮ್ಮವರು ಬರುವಾಗ ನೀರು, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲವೊಂದನ್ನು ರೈಲಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದರು. (ಹೋಗುವಾಗ ನನಗೆ ಸೀರೆ ತರುತ್ತೇನೆ ಎಂದಿದ್ದರು. ಅದರ ಜಗಳ ಇನ್ನೂ ಮುಗಿದಿಲ್ಲ.) ಚೀಲದೊಳಗೆ ಜೋಡಿ ಮೀನು. ಕಿತ್ತಳೆ ಮೈ, ಅದರ ಮೇಲೆ ಬಿಳಿ ಪಟ್ಟೆ. ಸೀರೆಯ ಸಿಟ್ಟೂ ಅರ್ಧ ಇಳಿಯುವಷ್ಟು ಚೆಂದ.

ಮೊದಲು ನಕ್ಕವರು ಅತ್ತೆ. ಅವರ ತವರು ಭಟ್ಕಳದ ತೆಂಗಿನಗುಂಡಿ. ಅಪ್ಪ, ತಮ್ಮ ಎಲ್ಲರೂ ದೋಣಿಯವರು. "ಮೀನು ಸಾಕೂದಾ? ನಾಳೆ ಸಾರು ಮಾಡೂಕೆ ಹೋದ್ರೆ ಕೈ ಬರ್ತದೇನೇ?" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ವಾರ ಕಳೆಯುವುದರೊಳಗೆ ಟಿವಿ ಎದುರಿನ ಅವರ ಕುರ್ಚಿ ತೊಟ್ಟಿಯ ಎದುರು ಬಂತು. ಗಂಗೆ, ಗೌರಿ ಅಂತ ಹೆಸರಿಟ್ಟವರೂ ಅವರೇ.

ಆಮೇಲೆ ಬಂತು ನೋಡಿ ಪಾಚಿ.

ಮೊದಲು ಗಾಜಿನ ಮೇಲೆ ತೆಳ್ಳಗೆ ಕಂದು ಧೂಳು. ಒರೆಸಿದೆ. ನಂತರ ಕಲ್ಲಿನ ಮೇಲೆ ಹಸಿರು ಕೂದಲು. ಕಿತ್ತೆ. ಕಿತ್ತಷ್ಟೂ ಬೆಳೆಯಿತು. (ನನ್ನ ತಲೆಯ ಮೇಲೆ ಹೀಗೆ ಬೆಳೆಯಬಾರದಿತ್ತೇ?) ನೋಡನೋಡುತ್ತ ನೀರು ಹಸಿರು ಮಜ್ಜಿಗೆಯಾಯಿತು. ಒಂದು ದಿನ ಬೆಳಿಗ್ಗೆ ಗೌರಿ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಗಂಗೆ ಕಲ್ಲಿನ ಹಿಂದೆ ಸೇರಿಕೊಂಡಿತು, ಹೊರಗೆ ಬರುವುದೇ ಅಪರೂಪವಾಯಿತು.

"ಸಾಕು ಮಾರಾಯ್ತಿ," ಎಂದರು ನಮ್ಮವರು. "ಉಳಿದದ್ದನ್ನ ಯಾರಿಗಾದ್ರೂ ಕೊಟ್ಬಿಡುವ. ತೊಟ್ಟಿಯಲ್ಲಿ ಅಕ್ಕಿ ತುಂಬಿಡು."

ಅಕ್ಕಿಯಂತೆ! ಆ ಮಾತು ಕೇಳಿಯೇ ನನಗೆ ಹಟ ಹುಟ್ಟಿತು. ಕುಮಟಾದ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯನ್ನು ಸುಮ್ಮನೆ ಕೂರಿಸುವವಳಿಗೆ ಬೇರಿಲ್ಲದ, ಎಲೆಯಿಲ್ಲದ ಒಂದು ಪಾಚಿ ಸವಾಲು ಹಾಕುವುದೇ? ಗಂಗೆಯನ್ನು ಉಳಿಸಿಯೇ ತೀರುತ್ತೇನೆ ಎಂದೆ. ಪಾಚಿಯೋ, ನಾನೋ.

ಬ್ರಶ್ಶಿನಲ್ಲಿ ತಿಕ್ಕಿದೆ. ತೊಟ್ಟಿಗೆ ಹಳೆಯ ಬೆಡ್‌ಶೀಟ್ ಹೊದಿಸಿ ಕತ್ತಲು ಮಾಡಿದೆ. ನೀರು ಬದಲಿಸೋಣವೆಂದು ಮುಂಬೈಯಿಂದ ಉಪ್ಪಿನ ಪ್ಯಾಕೆಟ್ ತರಿಸುವ ಮಾತೆತ್ತಿದರೆ ಅತ್ತೆ ನನ್ನನ್ನು ಹುಚ್ಚಿಯ ಹಾಗೆ ನೋಡಿದರು. "ಸಮುದ್ರ ಇಲ್ಲೇ ಬಿದ್ಕಂಡಿದೆ, ಉಪ್ಪು ಎಂತಕ್ಕೇ?"

ಹೌದಲ್ಲ! ನಮ್ಮವರು ಸ್ಕೂಟರಿನಲ್ಲಿ ಕ್ಯಾನ್ ಕಟ್ಟಿಕೊಂಡು ಹೋಗಿ ಬಂದರಿನಿಂದಲೇ ನೀರು ತುಂಬಿ ತಂದರು. ದೋಣಿ ತೊಳೆಯುವುದು, ಮೀನಿನ ಬುಟ್ಟಿ ತೊಳೆಯುವುದು ಎಲ್ಲ ಅದೇ ನೀರಿನಲ್ಲಿ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಮುದ್ರದ ಮಗ್ಗುಲಲ್ಲೇ ಇರುವವರಿಗೆ ಮಾತ್ರ ಬರುವ ಬುದ್ಧಿ ಇದು! ಪಾಚಿ ಗೊಬ್ಬರ ಹಾಕಿದ ಹಾಗೆ ಎದ್ದಿತು.

ಕೊನೆಗೆ ಎಸ್‌ಟಿಡಿ ಬೂತಿನಿಂದ ಮುಂಬೈಯ ಅಂಗಡಿಯವನಿಗೇ ಫೋನ್ ಮಾಡಿದೆ. ನನ್ನ ಮುರುಕು ಹಿಂದಿಯನ್ನು ಹಿಂದೆ ನಿಂತ ಕ್ಯೂ ಪೂರ್ತಿ ಆನಂದಿಸಿತು. ಅವನು ಕೇಳಿದ್ದು ಒಂದೇ ಪ್ರಶ್ನೆ. ಮೀನಿಗೆ ಎಷ್ಟು ಹಾಕುತ್ತೀರಿ? ದಿನಕ್ಕೆ ಒಂದು ಚಿಟಿಕೆ ಎಂದೆ. "ಝೂಠ್," ಎಂದ. ತಿನ್ನದೆ ಉಳಿದದ್ದು ಕೊಳೆತೇ ಇಷ್ಟು ಪಾಚಿ ಬರುವುದು, ಕೊಳೆತದ್ದೇ ನೀರಿನ ಪ್ರಾಣವಾಯುವನ್ನು ಎಳೆದುಕೊಂಡು ಮೀನನ್ನು ಸಾಯಿಸುವುದು ಎಂದ. ನನಗೆ ಮೈಯೆಲ್ಲ ಉರಿಯಿತು. ನನ್ನನ್ನೇ ಸುಳ್ಳಿ ಅನ್ನುತ್ತಾನಲ್ಲ!

ಮಾರನೇ ದಿನ ಜ್ವರ ಬಂತು. ಶಾಲೆಗೆ ರಜೆ ಹಾಕಿ ಹಾಲ್‌ನ ಪಕ್ಕದ ಕೋಣೆಯಲ್ಲಿ ಮಲಗಿದೆ. ಬಾಗಿಲು ಅರ್ಧ ತೆರೆದಿತ್ತು.

ಬೆಳಿಗ್ಗೆ ಅತ್ತೆ ಬಂದರು. "ಎಂತ ಗಂಗೆ, ಊಟ ಆತಾ?" ಗಂಗೆ ಕಲ್ಲಿನ ಹಿಂದಿನಿಂದ ಇಣುಕಿ ಬಾಯಿ ತೆರೆದು ಮುಚ್ಚಿತು. "ಅಯ್ಯ, ಆಗ್ಲಿಲ್ವಾ!" ಒಂದು ಚಿಟಿಕೆ ಬಿತ್ತು. ಸ್ವಲ್ಪ ಹೊತ್ತಿಗೆ ಎದುರುಮನೆಯ ನಾಗವೇಣಿ ಬಂದಳು. "ಊಟ ಆತನೇ?" ಮತ್ತೊಂದು ಚಿಟಿಕೆ. ಗ್ಯಾಸ್ ಸಿಲಿಂಡರ್ ತಂದವನೂ ಬಗ್ಗಿ ನೋಡಿದ. "ಪಾಪ, ಬಾಯಿ ಬಿಡ್ತದೆ ಅಲ್ರಾ?" ಮೀನಿನ ತಿಂಡಿಯ ಡಬ್ಬಿ ಅವನ ಕೈಗೂ ಹೋಯಿತು. ಮಧ್ಯಾಹ್ನ ಅತ್ತೆ ಸಾರಿಗೆ ಶೆಟ್ಲಿ (ಘಟ್ಟದ ಮೇಲಿನವರಿಗೆ ಸೀಗಡಿ) ಬಿಡಿಸುತ್ತ ಕೂತವರು ಒಂದು ಚೂರನ್ನು ತೊಟ್ಟಿಗೂ ಹಾಕಿದರು.

ಜ್ವರದಲ್ಲೂ ನನಗೆ ನಗು ಬಂತು. ನಮ್ಮ ಕಡೆ ಹೇಗಿದ್ದೀರಿ, ಸೌಖ್ಯವೇ ಎಂದೆಲ್ಲ ಕೇಳುವವರು ಕಡಿಮೆ. ಊಟ ಆತಾ ಎನ್ನುತ್ತೇವೆ. ಮನುಷ್ಯನಾದರೆ 'ಆತು' ಎಂದು ಪಾರಾಗುತ್ತಾನೆ. ಮೀನು ಎಲ್ಲಿಗೆ ಹೋಗಬೇಕು? ಅದು ಉಸಿರಾಡಲು ಬಾಯಿ ತೆರೆದರೂ ನಮಗೆ ಕಾಣುವುದು ಹಸಿವು.

ಎದ್ದು ಹೋಗಿ ಡಬ್ಬಿ ಕಿತ್ತುಕೊಂಡೆ. "ಅತ್ತೆ, ಇನ್ನು ಇದನ್ನ ಮುಟ್ಟಬೇಡಿ."

ಅತ್ತೆ ಕೆರಳಿದರು. "ನಮ್ಮನೆಗೆ ಬಂದ ಜೀವ ಹಸ್ಕಂಡು ಇರೂದಾ? ಗೌರಿ ಹಸಿದೇ ಸತ್ತದ್ದು. ನಂಗೆ ಗೊತ್ತಿಲ್ವಾ? ಅದ್ಕೇ ಇದ್ಕೆ ಜಾಸ್ತಿ ಹಾಕ್ತೆ."

"ಅದು ಹಸಿದು ಸತ್ತದ್ದಲ್ಲ ಅತ್ತೆ. ಹಾಕಿದ್ದು ಹೆಚ್ಚಾಗಿ ಸತ್ತದ್ದು."

ಹೇಳಬೇಕಾದ ಮಾತೇ. ಹೇಳಿದೆ. ಆದರೆ ಅವರ ಮುಖ ಬಾಡಿತು. ಶೆಟ್ಲಿಯ ಕೈಯನ್ನು ಹಾಗೇ ಹಿಡಿದುಕೊಂಡು ನಿಂತರು. "ಹಂಗಾರೆ ನಾನೇ ಕೊಂದೆ ಅನ್ನು," ಎಂದು ಒಳಗೆ ಹೋದರು. ಆ ದಿನ ಸಾರು ಆಯಿತು, ಆದರೆ ಅವರು ಉಣ್ಣಲಿಲ್ಲ. ನಾನು ಬಡಿಸಲು ಹೋದರೆ ಬೇಡ ಎಂದರು.

ಮರುದಿನ ಅವರೇ ಬಂದು ಹಾಸಿಗೆಯ ತುದಿಗೆ ಕೂತರು. "ನಾ ಹಾಕೂದಿಲ್ಲ. ಆತಾ? ಆದ್ರೆ ಬಂದೋರೆಲ್ಲ ಕೇಳ್ತಾರಲ್ಲೇ. ಅದು ಎಂತ ಹೇಳ್ಬೇಕು?"

ಎಂಥ ಪ್ರಶ್ನೆ! ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ 'ಊಟ ಆತು' ಎಂದು ಬರೆದು ತೊಟ್ಟಿಗೆ ತೂಗಿಹಾಕಿದೆ. ಉತ್ತರ ಸಿಕ್ಕರೆ ನಮ್ಮ ಜನ ಒತ್ತಾಯ ಮಾಡುವುದಿಲ್ಲ. ಮುಂದಿನ ಸಲ ಬಂದ ಗ್ಯಾಸಿನವನು ಓದಿ, "ಓ, ಆತಾ? ಹಂಗಾರೆ ಬಿಡಿ," ಎಂದು ಸಿಲಿಂಡರ್ ಇಳಿಸಿ ಹೋದ.

ಪಾಚಿ ಬೋರ್ಡು ಓದುವುದಿಲ್ಲ, ನಿಜ. ಅದಕ್ಕೆ ಬೆವರೇ ಬೇಕು. ಅತ್ತೆಯ ತಮ್ಮ ದೋಣಿಯಲ್ಲಿ ಆಳಕ್ಕೆ ಹೋದಾಗ ಅಲ್ಲಿಯ ತಿಳಿನೀರು ತುಂಬಿ ಕಳಿಸಿದರು. ಪಂಚೆಯಲ್ಲಿ ಸೋಸಿ, ಸ್ವಲ್ಪ ಸ್ವಲ್ಪವೇ ಬದಲಿಸಿದೆ. ತಳದ ಕೊಳೆಯನ್ನು ಪೈಪಿನಲ್ಲಿ ಎಳೆದು ಚೆಲ್ಲಿದೆ. ಲೈಟು ಸಂಜೆ ಮಾತ್ರ. ಬಂಡೆಗೆ ಅಂಟಿಕೊಂಡು ಪಾಚಿ ಮೇಯುವ ಸಮುದ್ರದ ಸಣ್ಣ ಬಸವನಹುಳುಗಳನ್ನೂ ಅವರೇ ಕಳಿಸಿದ್ದರು. ಅವುಗಳಿಗೆ ಮಾತ್ರ ನಮ್ಮನೆಯಲ್ಲಿ ಹೊಟ್ಟೆತುಂಬ ಊಟ. ನಾನು ಶಾಲೆಯಿಂದ ಬಂದು ಕಾಫಿಗೂ ಮೊದಲು ಬೆರಳಿನಿಂದ ಹಸಿರು ಕೂದಲು ಕೀಳುತ್ತಿದ್ದೆ. ಬೇಸರವಾಯಿತೇ? ಆಯಿತು. ಬಿಟ್ಟೆನೇ? ಇಲ್ಲ.

ಪಾಚಿ ಸೋಲಲು ಬಹಳ ಕಾಲ ತೆಗೆದುಕೊಂಡಿತು, ಆದರೂ ಸೋತಿತು. ಗಾಜು ತಿಳಿಯಾಯಿತು. ಗಂಗೆ ಕಲ್ಲಿನ ಹಿಂದಿನಿಂದ ಬಂದು ನಡುಮಧ್ಯೆ ಈಜತೊಡಗಿತು. ನಮ್ಮವರು ಅಕ್ಕಿಯ ಸುದ್ದಿ ಬಿಟ್ಟರು.

ಅತ್ತೆ ಈಗಲೂ ಆ ಕುರ್ಚಿಯಲ್ಲೇ ಕೂರುತ್ತಾರೆ. ಗಂಗೆ ಗಾಜಿನ ಹತ್ತಿರ ಬಂದು ಬಾಯಿ ತೆರೆದಾಗ ಅವರ ಬಲಗೈ ತಾನಾಗಿ ಏಳುತ್ತದೆ. ಎಡಗೈಯಿಂದ ಅದನ್ನು ಹಿಡಿದು ಮಡಿಲಿಗೆ ಎಳೆದುಕೊಳ್ಳುತ್ತಾರೆ. "ಹಾಕೂದು ಬೇಡ ಅಂದ್ರೆ ಪ್ರೀತಿ ಮಾಡೂದು ಹ್ಯಾಂಗೇ?" ಎಂದು ಮೊನ್ನೆ ಕೇಳಿದರು. ಸುಮ್ಮನೆ ನೋಡಿ ಅತ್ತೆ ಎಂದೆ. ನೋಡುತ್ತ ಕೂತರು.

ಪಾಚಿಯ ಜೊತೆ ಗುದ್ದಾಡಿದ್ದು ನಾನು, ನಿಜ. ಆದರೆ ಅತ್ತೆ ತಮ್ಮ ಬಲಗೈಯ ಜೊತೆ ಇನ್ನೂ ಗುದ್ದಾಡುತ್ತಿದ್ದಾರೆ. ಹೇಳಿ, ನಮ್ಮಿಬ್ಬರಲ್ಲಿ ದೊಡ್ಡ ಹಟ ಯಾರದು?